ಮೂಟೆಯ ತೂಕ

ತಕ್ಕಡಿ ಸಾಹೇಬರು ಪೇಟೆ ಬೀದಿಗೆ ಕಾಲಿಟ್ಟ ಸುದ್ದಿ ಅವರಿಗಿಂತ ಮುಂಚೆ ಬೀದಿಯ ಕೊನೆಯ ಅಂಗಡಿಯನ್ನು ಮುಟ್ಟುತ್ತಿತ್ತು. ಅಂಗಡಿಗಳ ತೂಕ, ಅಳತೆ ಸರಿಯಾಗಿದೆಯೇ ಎಂದು ನೋಡಿ ಮುದ್ರೆ ಹಾಕುವ ಸರ್ಕಾರಿ ಕೆಲಸ ಅವರದು. ತಕ್ಕಡಿಯ ತಟ್ಟೆ ಮಗುಚಿ, ಅಡಿಯಲ್ಲಿ ಮೇಣದ ಚೂರು ಅಂಟಿಸಿದ್ದಾರೆಯೇ, ಅಯಸ್ಕಾಂತ ಅಡಗಿಸಿದ್ದಾರೆಯೇ ಎಂದು ಬೆರಳಾಡಿಸುವರು. ತೂಕದ ಬಟ್ಟನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚುವರು. ಎಲ್ಲ ನೆಟ್ಟಗಿದ್ದರೆ ತಂತಿಗೆ ಸೀಸದ ಬಿಲ್ಲೆ ಪೋಣಿಸಿ, ಇಕ್ಕಳದಿಂದ ಒತ್ತಿ ಮುದ್ರೆ ಹಾಕುವರು. ಹೊರಡುವಾಗ ಮಾತ್ರ ಒಂದು ಮಾತು ತಪ್ಪದು: "ಇವತ್ತು ಸರಿ ಇದೆ." ಆ 'ಇವತ್ತು' ಕೇಳಿದ ಅಂಗಡಿಯವರಿಗೆ ನಾಳೆಯವರೆಗೂ ಅನ್ನ ಇಳಿಯುತ್ತಿರಲಿಲ್ಲ.

ಯಾವ ಅಂಗಡಿಯಲ್ಲೂ ಒಂದು ಲೋಟ ನೀರು ಮುಟ್ಟದ ಮನುಷ್ಯ. ಆದರೆ ಕಚೇರಿಯ ಅನುಮಾನವನ್ನು ಕಚೇರಿಯಲ್ಲೇ ಬಿಟ್ಟು ಬರುವುದು ಅವರಿಗೆ ಗೊತ್ತಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ "ಅವರೇನೋ ಮುಚ್ಚಿಡ್ತಿದಾರೆ" ಎಂದು ಹಿಂದೆ ಸರಿದು ಸರಿದು, ಕೂದಲು ನರೆತ ಮೇಲೆ ಆ ಮಾತು ತಾನಾಗಿಯೇ ನಿಂತುಹೋಯಿತು. ಮನೆಯಲ್ಲಿದ್ದವರು ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಇರಲು ಬಂದಿದ್ದ ಅಕ್ಕ, ಮತ್ತೆ ಎರಡು ನಾಯಿಗಳು.

ದೊಡ್ಡದರ ಹೆಸರು ಮೂಟೆ. ಮೈತುಂಬ ಗೇಣುದ್ದ ಕೂದಲು. ಮಲಗಿದರೆ ಮೂತಿ ಯಾವ ಕಡೆ, ಬಾಲ ಯಾವ ಕಡೆ ಎಂದು ಹುಡುಕಬೇಕು. ಸೋಫಾದ ಮುಕ್ಕಾಲು ಪಾಲು ಅದರದು, ಉಳಿದ ಕಾಲು ಪಾಲಿನಲ್ಲಿ ಸಾಹೇಬರು ಪೇಪರ್ ಓದಬೇಕು. ಚಿಕ್ಕದು ಕಡ್ಡಿ. ಕಾಲುಚೀಲ, ಸೋಪು, ಅಕ್ಕನ ಕನ್ನಡಕದ ಡಬ್ಬಿ, ಏನು ಕಳೆದರೂ ಕಡ್ಡಿಯ ಹಾಸಿಗೆ ಕೊಡವಿದರೆ ಸಿಗುತ್ತಿತ್ತು. ಹಾಗಾಗಿ ಸಾಹೇಬರಿಗೆ ಕಡ್ಡಿಯ ಮೇಲೆ ಅನುಮಾನವೇ ಇರಲಿಲ್ಲ. ಕಳ್ಳನೆಂದು ಊರಿಗೇ ಗೊತ್ತಿರುವವನ ಮೇಲೆ ಅನುಮಾನಪಡುವುದಕ್ಕೆ ಏನಿದೆ?

ಗೋಳು ಶುರುವಾದದ್ದು ಮೂಟೆ ಕುಂಟತೊಡಗಿದಾಗ. ಬೀದಿಯ ತಿರುವಿನಲ್ಲಿರುವ ನಾಯಿ ಡಾಕ್ಟರಮ್ಮ ಅದರ ಹಿಂಗಾಲನ್ನು ಮಡಚಿ, ಬಿಡಿಸಿ ನೋಡಿದರು. ತೂಕದ ಹಲಗೆಯ ಮೇಲೆ ನಿಲ್ಲಿಸಿದರು. ಮೂವತ್ತೆಂಟು ಕಿಲೋ.

"ಮಂಡಿಗೆ ಆಪರೇಷನ್ ಆಗಬೇಕು ಸರ್. ಆದರೆ ಇಷ್ಟು ದಪ್ಪ ಇರೋ ನಾಯಿಗೆ ಅರಿವಳಿಕೆ ಕೊಡೋಕೆ ನಾನು ಒಪ್ಪಲ್ಲ. ಮೂವತ್ಮೂರಕ್ಕೆ ಇಳಿಸ್ಕೊಂಡು ಬನ್ನಿ. ಚಳಿಗಾಲ ಮುಗಿಯೋದರೊಳಗೆ ಆಗಲಿಲ್ಲ ಅಂದ್ರೆ ಆ ಕಾಲು ಇದ್ದೂ ಇಲ್ಲದ ಹಾಗೆ."

ಸಾಹೇಬರು ಅದೇ ಸಂಜೆ ಮನುಷ್ಯರು ಹತ್ತಿ ನಿಲ್ಲುವಂಥ ತೂಕದ ಯಂತ್ರವೊಂದನ್ನು ಕೊಂಡು ತಂದರು. ಕಚೇರಿಯ ಬಟ್ಟುಗಳನ್ನು ಅದರ ಮೇಲಿಟ್ಟು ಪರೀಕ್ಷೆ ಮಾಡಿದರು. ಕೂದಲೆಳೆಯಷ್ಟೂ ದೋಷವಿರಲಿಲ್ಲ. ತಾವೂ ಒಮ್ಮೆ ಹತ್ತಿ ನಿಂತರು: ಅರವತ್ತೆಂಟು. ಮೂಟೆ ಮಾತ್ರ ಆ ಸಣ್ಣ ಹಲಗೆಯ ಮೇಲೆ ನಾಲ್ಕು ಕಾಲೂರಿ ನಿಲ್ಲಲು ಒಪ್ಪಲಿಲ್ಲ. ಅದಕ್ಕೇನಂತೆ? ನಾಯಿಯನ್ನು ಎತ್ತಿಕೊಂಡು ನಿಲ್ಲುವುದು, ಬಂದದ್ದರಲ್ಲಿ ಅರವತ್ತೆಂಟು ಕಳೆಯುವುದು. ಉಳಿದದ್ದು ಮೂಟೆ.

ಮೂಟೆಯ ತಟ್ಟೆಗೆ ಇನ್ನು ಅಳೆದು ಸುರಿದ ಊಟ. ಬಾಯಿಲ್ಲದ ಪ್ರಾಣಿ ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವುದು ನ್ಯಾಯವಲ್ಲವೆಂದು ಸಾಹೇಬರೂ ರಾತ್ರಿಯ ಊಟ ಬಿಟ್ಟರು.

"ನಿನಗ್ಯಾಕೋ ಈ ವ್ರತ? ಕುಂಟ್ತಿರೋದು ನೀನಾ?" ಎಂದರು ಅಕ್ಕ.

"ಅದರ ಕಷ್ಟ ನನಗೂ ಗೊತ್ತಾಗಬೇಕು."

ಅಕ್ಕ ಮತ್ತೆ ಮಾತಾಡಲಿಲ್ಲ. ಅಕ್ಕ ಮಾತಾಡದೆ ಸುಮ್ಮನಾದರೆ ಏನೋ ಇದೆಯೆಂದು ಸಾಹೇಬರಿಗೆ ಆಗಲೇ ಅನ್ನಿಸಿತ್ತು.

ಎರಡು ವಾರ ಕಳೆದು ತೂಗಿದರೆ ಮೂಟೆ ಮೂವತ್ತೊಂಬತ್ತು. ಇಳಿಯಬೇಕಾದದ್ದು ಏರಿದೆ! ಯಂತ್ರ ಸುಳ್ಳು ಹೇಳದು, ಅದನ್ನು ಸ್ವತಃ ತಾವೇ ಪರೀಕ್ಷೆ ಮಾಡಿದ್ದಾರೆ. ಹಾಗಾದರೆ ಸುಳ್ಳು ಹೇಳುತ್ತಿರುವವರು ಮನುಷ್ಯರು. ಯಾರೋ ಕದ್ದು ತಿನ್ನಿಸುತ್ತಿದ್ದಾರೆ.

ಮೊದಲು ಹಾಲಿನವಳನ್ನು ಬಾಗಿಲಲ್ಲೇ ತಡೆದು ಕೇಳಿದರು. "ನಿಮ್ಮ ನಾಯಿಗೆ ಹಾಲು ಹಾಕೋಕೆ ನನಗೇನು ಹಾಲಿನ ಹೊಳೆ ಹರೀತಿದೆಯಾ?" ಎಂದು ಅವಳು ಕ್ಯಾನು ಕುಕ್ಕಿದಳು. ಆಮೇಲೆ ಬಟ್ಟೆ ಒಗೆದು ತರುವ ಇಸ್ತ್ರಿಯವನ ಸರದಿ. ಅವನ ಮೇಲೆ ಬೇರೆಯದೇ ದೂರು.

"ಪ್ಯಾಂಟು ಕುದಿಯೋ ನೀರಿಗೆ ಹಾಕ್ತೀಯೇನೋ? ಎಲ್ಲಾ ಸೊಂಟದಲ್ಲಿ ಬಿಗಿ ಆಗಿವೆ."

"ಸೊಂಟದಲ್ಲಿ ಮಾತ್ರ ಕುಗ್ಗೋ ಬಟ್ಟೆ ಎಲ್ಲಿದೆ ಸಾರ್? ಉದ್ದ ಸರಿಯಾಗೇ ಇದೆಯಲ್ಲ!"

"ಅದೇ ನಿನ್ನ ಚಾಲಾಕಿ," ಎಂದರು ಸಾಹೇಬರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಹೊರಗೆ ಯಾರೂ ಸಿಗಲಿಲ್ಲ. ಅನುಮಾನ ಮೆಟ್ಟಿಲು ಹತ್ತಿ, ಹೊಸಿಲು ದಾಟಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿತು.

ಅಲ್ಲಿ ಸಾಕ್ಷಿಗೆ ಬರವಿರಲಿಲ್ಲ. ಸಾಹೇಬರು ಸ್ನಾನಕ್ಕೆ ಹೋದೊಡನೆ ಅಡುಗೆಮನೆಯಲ್ಲಿ ಚಮಚದ ಸದ್ದು. ಬೆಣ್ಣೆಯ ಡಬ್ಬ ನೋಡುನೋಡುತ್ತಲೇ ಬರಿದು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅಕ್ಕ ಮೂಟೆಯ ಪಕ್ಕ ಕೂತು ಏನೋ ಗುಣುಗುಣು ಅನ್ನುವುದು, ತಮ್ಮನ ಹೆಜ್ಜೆ ಸದ್ದಾದರೆ ಥಟ್ಟನೆ ಏಳುವುದು. ಇದಕ್ಕಿಂತ ಇನ್ನೇನು ಬೇಕು?

ಒಂದು ರಜೆಯ ದಿನ ಸಾಹೇಬರು ಅಡುಗೆಮನೆಯ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತರು. ಅಕ್ಕ ಬರುವುದರೊಳಗೆ ಮೂಟೆ ಬಂತು. ಪರದೆಯನ್ನು ಮೂಸಿತು, ಯಜಮಾನರನ್ನು ಗುರುತು ಹಿಡಿಯಿತು, ಪರದೆಯೆದುರು ಕೂತು ಬಾಲದಿಂದ ನೆಲ ಬಡಿಯತೊಡಗಿತು.

"ಪರದೆಗೆ ಕಾಲು ಬಂದಿವೆ. ಚಪ್ಪಲಿನೂ ಹಾಕ್ಕೊಂಡಿವೆ," ಎಂದರು ಅಕ್ಕ, ಆಲೂಗಡ್ಡೆ ಹೆಚ್ಚುತ್ತಾ, ತಲೆಯೆತ್ತದೆ.

ಚಳಿಗಾಲ ಮುಗಿಯುತ್ತ ಬಂದಾಗ ಇನ್ನೊಂದು ದಿನ, ಹೆಜ್ಜೆ ಗುರುತು ಹಿಡಿಯಲೆಂದು ಬಾಗಿಲಲ್ಲಿ ಹಿಟ್ಟು ಚೆಲ್ಲಿದರು. ಕಡ್ಡಿ ಅದರಲ್ಲಿ ಹೊರಳಾಡಿ, ಹಾಸಿಗೆ, ಕುರ್ಚಿ, ಸಾಹೇಬರ ಕಚೇರಿ ಚೀಲ, ಎಲ್ಲದರ ಮೇಲೂ ತನ್ನ ಮುದ್ರೆ ಒತ್ತಿತು. ಇಡೀ ಮನೆ ಒರೆಸುವ ಕೆಲಸ ಅಕ್ಕನ ಪಾಲಿಗೆ ಬಂತು.

"ಮೂಟೆ ಸೊರಗಿದೆ ಕಣೋ," ಎಂದರು ಅಕ್ಕ ಬಟ್ಟೆ ಹಿಂಡುತ್ತಾ. "ಕೂದಲೊಳಗೆ ಕೈ ಹಾಕಿ ನೋಡು, ಪಕ್ಕೆಲುಬು ಸಿಗುತ್ತೆ. ನೀನು ಅದನ್ನ ಎಷ್ಟು ಸಲೀಸಾಗಿ ಎತ್ಕೋತೀಯ ಈಗ!"

"ದಿನಾ ಎತ್ತಿ ಎತ್ತಿ ನನ್ನ ತೋಳಿಗೆ ಬಲ ಬಂದಿದೆ."

"ಕಣ್ಣಿಗೆ ಕಾಣಿಸ್ತಿದೆಯಲ್ಲೋ."

"ಕಣ್ಣಿಗೆ ಸೀಲ್ ಹಾಕಿದೋರು ಯಾರು? ಯಂತ್ರ ನಲವತ್ತೊಂದು ಅಂತಿದೆ. ಊಟ ಬಿಟ್ಟು ನಾನು ಬೇರೆ ಇಳಿದಿರ್ತೀನಿ. ಅದನ್ನ ಲೆಕ್ಕಕ್ಕೆ ಹಿಡಿದರೆ ಮೂಟೆ ಇನ್ನೂ ಜಾಸ್ತೀನೇ ಇರಬೇಕು."

ಮಾರನೆಯ ದಿನ ಸಾಹೇಬರು ಬಿಸ್ಕತ್ತಿನ ಡಬ್ಬಕ್ಕೆ ತಂತಿ ಸುತ್ತಿ, ಸೀಸದ ಬಿಲ್ಲೆ ಪೋಣಿಸಿ, ಸರ್ಕಾರಿ ಇಕ್ಕಳದಿಂದ ಮುದ್ರೆ ಒತ್ತಿ ಕೆಲಸಕ್ಕೆ ಹೋದರು. ಮಧ್ಯಾಹ್ನ ಕಿರಾಣಿ ಅಂಗಡಿಯೊಂದರಲ್ಲಿ ತಕ್ಕಡಿ ಮಗುಚುತ್ತಿದ್ದಾಗಲೂ ಮನಸ್ಸು ಆ ಡಬ್ಬದ ಮೇಲೇ. ಸಂಜೆ ಬಂದು ನೋಡಿದರೆ ತಂತಿ ಮುರಿದಿತ್ತು.

"ಯಾರು ಒಡೆದದ್ದು?"

"ನಾನು," ಎಂದರು ಅಕ್ಕ. "ಪಕ್ಕದ ಮನೆಯಾಕೆ ಬಂದಿದ್ದಳು. ಟೀ ಜೊತೆ ಎರಡು ಬಿಸ್ಕತ್ತು ಕೊಡೋಕೆ ಹೋದರೆ ಡಬ್ಬಕ್ಕೆ ಸೀಲು! ಆಕೆ ಮುಖ ನೋಡೋಕಾಗಲಿಲ್ಲ ನನಗೆ. ಇದು ಅಡುಗೆಮನೆಯೋ, ಮೋಸದ ಅಂಗಡಿಯೋ?"

"ಎರಡು ಬಿಸ್ಕತ್ತು ಆಕೆಗೆ. ಉಳಿದದ್ದು? ದಿನಾ ಬೆಳಿಗ್ಗೆ ಮೂಟೆ ಹತ್ತಿರ ಕೂತು ಗುಟ್ಟಾಗಿ ಏನು ಮಾಡ್ತೀಯ ಹೇಳು."

ಅಕ್ಕ ತಮ್ಮನ ಕಡೆ ತಿರುಗಿದರು. "ಅದರ ತಲೆ ಮೇಲೆ ಕೈಯಿಟ್ಟು, ಅದರ ಕಾಲು ನೆಟ್ಟಗಾಗಲಿ ಅಂತ ದೇವರನ್ನ ಬೇಡ್ತೀನಿ. ನೀನು ನಗ್ತೀಯ ಅಂತ ನಿನ್ನೆದುರಿಗೆ ಮಾಡಲ್ಲ. ಅದರಿಂದಲೂ ನಾಯಿ ದಪ್ಪ ಆಗುತ್ತೇನೋ?"

ಸಾಹೇಬರು ಅಲ್ಲಿಗೇ ಬಿಡಬಹುದಿತ್ತು. "ಎಲ್ಲಾರೂ ಹಾಗೇ ಹೇಳ್ತಾರೆ," ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಅಕ್ಕನ ದೊಡ್ಡ ಚೀಲ ತುಂಬಿ ನಿಂತಿತ್ತು. ಸಂಜೆಯ ಬಸ್ಸಿಗೆ ಚಿಕ್ಕಮ್ಮನ ಮಗಳ ಮನೆಗೆ ಹೊರಟಿದ್ದರು. ಎಷ್ಟು ದಿನಕ್ಕೆ ಎಂದು ಸಾಹೇಬರು ಕೇಳಲಿಲ್ಲ, ಉತ್ತರದ ಭಯಕ್ಕೆ. ಡಾಕ್ಟರಮ್ಮ ಮೂಟೆಯನ್ನು ನೋಡಬೇಕಾಗಿದ್ದ ದಿನವೂ ಅದೇ ಆಗಿತ್ತು.

"ಹೋಗೋದಾದರೆ ಹೋಗು. ಆದರೆ ಆಸ್ಪತ್ರೆಗೆ ಬಂದು ಅದರ ತೂಕ ನಿನ್ನ ಕಣ್ಣಾರೆ ನೋಡಿ ಹೋಗು," ಎಂದರು ಸಾಹೇಬರು.

"ಬರ್ತೀನಿ. ನಿನಗೋಸ್ಕರ ಅಲ್ಲ, ಮೂಟೆಗೋಸ್ಕರ."

ಗೇಟಿನವರೆಗೆ ಹೋದ ಸಾಹೇಬರು, ಬಟ್ಟುಗಳ ಪೆಟ್ಟಿಗೆ ಮರೆತೆನೆಂದು ಮತ್ತೆ ಒಳಗೆ ಹೋದರು. ಬರಲು ಸ್ವಲ್ಪ ಹೊತ್ತಾಯಿತು. ಕಡ್ಡಿಯನ್ನು ಒಳಗೇ ಬಿಟ್ಟು ಬೀಗ ಹಾಕಿಕೊಂಡು ಬಂದರು. ದಾರಿಯಲ್ಲಿ ಮೂಟೆ ಕುಂಟುತ್ತಲೇ ಇಬ್ಬರಿಗಿಂತ ಮುಂದೆ ಇತ್ತು. ಏದುಸಿರು ಬಿಡುತ್ತಿದ್ದದ್ದು ಸಾಹೇಬರು.

ಆಸ್ಪತ್ರೆಯ ಅಗಲವಾದ ತೂಕದ ಹಲಗೆಯ ಮೇಲೆ ಮೂಟೆ ತಾನಾಗಿಯೇ ಹೋಗಿ ನಿಂತಿತು.

"ಮೂವತ್ತೆರಡು!" ಎಂದರು ಡಾಕ್ಟರಮ್ಮ. "ನಾನು ಕೇಳಿದ್ದಕ್ಕಿಂತ ಒಂದು ಕಿಲೋ ಜಾಸ್ತೀನೇ ಇಳಿಸಿದೀರಿ."

ಅಕ್ಕ ತಮ್ಮನ ಕಡೆ ನೋಡಿದರು. ತಮ್ಮ ಹಲಗೆಯ ಅಡಿ ನೋಡುತ್ತಿದ್ದರು, ನೆಲಕ್ಕೆ ಮಂಡಿಯೂರಿ, ಬೆರಳಾಡಿಸುತ್ತಾ.

"ಏನು ಹುಡುಕ್ತಿದೀರಿ ಸರ್?"

"ಈ ಯಂತ್ರಕ್ಕೆ ಕೊನೇ ಸಲ ಮುದ್ರೆ ಹಾಕಿದ್ದು ಯಾರು?"

"ನೀವೇ," ಎಂದರು ಡಾಕ್ಟರಮ್ಮ.

ಸೀಸದ ಬಿಲ್ಲೆಯ ಮೇಲೆ ಅವರದೇ ಇಕ್ಕಳದ ಗುರುತು. ಆದರೂ ಪೆಟ್ಟಿಗೆ ತೆರೆದು, ಬಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಯಂತ್ರ ಸರಿಯಾಗಿತ್ತು. ಇವತ್ತೂ ಸರಿಯಾಗಿತ್ತು.

"ಮನೇಲಿ ಹೇಗೆ ತೂಗ್ತೀರಿ?" ಡಾಕ್ಟರಮ್ಮ ಕೇಳಿದರು.

"ಹೀಗೆ." ಸಾಹೇಬರು ಮೂಟೆಯನ್ನು ಅನಾಮತ್ತಾಗಿ ಎತ್ತಿಕೊಂಡು ಹಲಗೆಯ ಮೇಲೆ ನಿಂತರು. "ನೋಡಿ, ನೂರ ಒಂಬತ್ತು. ನನ್ನದು ಅರವತ್ತೆಂಟು ಕಳೀರಿ. ನಲವತ್ತೊಂದು! ನಾನು ಹೇಳಲಿಲ್ವಾ? ಈಗಿನ್ನೂ ಮೂವತ್ತೆರಡು ಅಂದ ಯಂತ್ರ ಇದೇ!"

ಮೂಟೆ ಯಜಮಾನರ ಕಿವಿ ನೆಕ್ಕಿತು.

"ನಾಯಿನ ಕೆಳಗಿಳಿಸು," ಎಂದರು ಅಕ್ಕ.

ಇಳಿಸಿದರು.

"ನೀನು ಇಳೀಬೇಡ. ಅಲ್ಲೇ ನಿಂತ್ಕೊಂಡು ಓದು."

ಸಾಹೇಬರು ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು. ಎಪ್ಪತ್ತೇಳು. ಇಸ್ತ್ರಿಯವನ ಮುಖ ಕಣ್ಣೆದುರು ಬಂದು ನಿಂತಿತು. ಸಿಕ್ಕಸಿಕ್ಕವರ ತಕ್ಕಡಿಗೆಲ್ಲ ಮುದ್ರೆ ಹಾಕಿದ ಮನುಷ್ಯ ಆ ಅರವತ್ತೆಂಟನ್ನು ಮಾತ್ರ ಮತ್ತೊಮ್ಮೆ ಪರೀಕ್ಷಿಸಿರಲಿಲ್ಲ.

"ಆದರೆ... ನಾನು ರಾತ್ರಿ ಊಟಾನೇ ಮಾಡ್ತಿಲ್ಲವಲ್ಲ!"

"ಅದಕ್ಕೇ ನಿನ್ನ ಮಧ್ಯಾಹ್ನದ ಡಬ್ಬಿಗೆ ಬೆಣ್ಣೆ ಹಾಕ್ತಿದ್ದೆ," ಎಂದರು ಅಕ್ಕ. "ಬ್ರೆಡ್ಡಿಗೆ ಬೆಣ್ಣೆ, ಆಲೂಗಡ್ಡೆಗೆ ಬೆಣ್ಣೆ. ನೀನು ಸ್ನಾನಕ್ಕೆ ಹೋದಾಗ. ಹಸ್ಕೊಂಡು ಬೀದಿ ಅಲೀತಾನಲ್ಲ ಅಂತ. ಕದ್ದು ತಿನ್ನಿಸಿದ್ದು ನಿಜ ಕಣಪ್ಪ. ಆದರೆ ನಾಯಿಗಲ್ಲ."

ಡಾಕ್ಟರಮ್ಮ ಗೋಡೆಯ ಕಡೆ ತಿರುಗಿ ಕೆಮ್ಮಿದರು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಆಪರೇಷನ್ ಮುಂದಿನ ವಾರಕ್ಕೆ ಗೊತ್ತಾಯಿತು. ಅಲ್ಲಿಯವರೆಗೆ ಮೂಟೆಗೆ ಇನ್ನೊಂದು ಹಿಡಿ ಹೆಚ್ಚು ಹಾಕಿರೆಂದೂ, ಆಮೇಲೆ ಗಾಯ ಒಣಗುವ ತನಕ ಹಗಲು ಯಾರಾದರೂ ಪಕ್ಕದಲ್ಲಿರಬೇಕೆಂದೂ ಡಾಕ್ಟರಮ್ಮ ಹೇಳಿದರು. ಸಾಹೇಬರು ಅಕ್ಕನ ಮುಖ ನೋಡಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಮೂಟೆಯ ಹಗ್ಗವನ್ನು ಕೈಗೆ ಸುತ್ತುವುದು, ಬಿಚ್ಚುವುದು. ಬೇರೆಯವರ ತಪ್ಪು ಹುಡುಕಿ ಅಭ್ಯಾಸವಿದ್ದ ನಾಲಿಗೆಗೆ ತನ್ನ ತಪ್ಪು ಹೇಳುವ ದಾರಿ ಗೊತ್ತಿರಲಿಲ್ಲ. ಬೀಗ ತೆಗೆಯುವಾಗ, ಕೀಲಿಕೈಗೆ ಹೇಳುವಂತೆ, "ತಪ್ಪಾಯ್ತು ಅಕ್ಕ" ಎಂದರು.

"ಬಸ್ಸಿಗೆ ಹೊತ್ತಾಯ್ತು," ಎಂದರು ಅಕ್ಕ.

ಬಾಗಿಲು ತೆರೆದರೆ ನಡುಮನೆಯ ತುಂಬ ಅಕ್ಕನ ಬಟ್ಟೆ. ಚೀಲ ಬಾಯಿ ತೆರೆದು ಬಿದ್ದಿತ್ತು. ಅದರೊಳಗೆ ಕಡ್ಡಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಮೂತಿಯ ತುಂಬ ಪುಡಿ. ಸುತ್ತ ಹರಿದ ಕಾಗದದ ಪೊಟ್ಟಣ.

ಅಕ್ಕ ಒಂದು ತುಂಡು ಎತ್ತಿ ಮೂಸಿದರು. "ಬಿಸ್ಕತ್ತು. ನಾನು ಚೀಲಕ್ಕೆ ಬಿಸ್ಕತ್ತು ಹಾಕಿರಲಿಲ್ಲ." ನಿಧಾನವಾಗಿ ತಿರುಗಿದರು. "ಜಿಪ್ ಎಳೆದಿದ್ದೆ. ನಾಯಿಗೆ ಜಿಪ್ ಬಿಚ್ಚೋಕೆ ಬರುತ್ತಾ?"

ಈಗ ಅನುಮಾನದ ಕಣ್ಣು ಅಕ್ಕನದು. ಆ ಕಣ್ಣಿನೆದುರು ನಿಲ್ಲುವುದೆಂದರೆ ಏನೆಂದು ಸಾಹೇಬರಿಗೆ ಮೊದಲ ಸಲ ತಿಳಿಯಿತು.

"ಬಟ್ಟು ತರೋಕೆ ಬಂದಾಗ..." ಎಂದರು. "ದೂರದ ದಾರಿ. ಹಸಿವಾಗುತ್ತೆ ಅಂತ. ಡಬ್ಬದಲ್ಲಿದ್ದದ್ದನ್ನೆಲ್ಲ ಕಟ್ಟಿ ಇಟ್ಟೆ. ಜಿಪ್ ಎಳೆಯೋದು ಮರೆತೆ."

ಅಕ್ಕ ಅಡುಗೆಮನೆಗೆ ಹೋಗಿ ಡಬ್ಬ ಅಲ್ಲಾಡಿಸಿ ನೋಡಿದರು. ಖಾಲಿ. ಮುರಿದ ತಂತಿ ಇನ್ನೂ ಅದರ ಕೊರಳಲ್ಲಿ ನೇತಾಡುತ್ತಿತ್ತು. ಅದನ್ನು ಬಿಡಿಸಿ ಕಸಕ್ಕೆ ಹಾಕಿ, ಹೊರಗೆ ಬಂದು, ನೆಲದ ಮೇಲಿನ ಬಟ್ಟೆಗಳನ್ನು ಒಂದೊಂದೇ ಮಡಚತೊಡಗಿದರು. ಮಡಚಿದ್ದು ಚೀಲಕ್ಕೆ ಹೋಗಲಿಲ್ಲ. ಕಪಾಟಿಗೆ ಹೋಯಿತು. ಹೋಗುವಾಗಲೂ ಬರುವಾಗಲೂ ಅವರ ತುಟಿ ಸಣ್ಣಗೆ ಆಡುತ್ತಿತ್ತು. ಈ ಸಲ ಸಾಹೇಬರು ಏನೆಂದು ಕೇಳಲಿಲ್ಲ.

ಹೊಟ್ಟೆ ಉಬ್ಬಿಸಿ ಮಲಗಿದ್ದ ಕಡ್ಡಿಯನ್ನು ಮಾತ್ರ ಸುಮ್ಮನೆ ಬಿಡಲಾಗಲಿಲ್ಲ. ಎತ್ತಿಕೊಂಡು ಯಂತ್ರದ ಮೇಲೆ ಕಾಲಿಡಲು ಹೋದರು.

"ಕಡ್ಡೀನ ಕೆಳಗಿಡು," ಎಂದರು ಅಕ್ಕ ಕಪಾಟಿನ ಕಡೆಯಿಂದ. "ಮೊದಲು ನೀನೊಬ್ಬನೇ ನಿಂತ್ಕೋ."