ದೃಷ್ಟಿ ತೆಗೆದ ತಾತ

“ಸುಳ್ಳು ಅಂತೀಯೇನ್ಲಾ? ಡಾಕ್ಟ್ರೇ ದಿಷ್ಟಿ ಅಂತ ಏಳವ್ರೆ ಕಣ್ಲಾ” ಎಂದು ಆತಗೂರಿನ ಅಂಕೇಗೌಡರು ಜಗಲಿಯ ಎದುರಿನ ಖಾಲಿ ಕುರ್ಚಿಯೊಡನೆ ಜಗಳಕ್ಕೆ ಬಿದ್ದಿದ್ದಾರೆ, ಮನೆಯವರು ಯಾರೂ ಕೇಳದ ಮೇಲೆ ಅವರಿಗೆ ಅದೇ ಗತಿ. ಗೌಡರು ಊರಿನ ಮಕ್ಕಳಿಗೆಲ್ಲ ಪುಕ್ಕಟೆ ವೈದ್ಯರು: ಹೊಟ್ಟೆನೋವಿಗೂ ದೃಷ್ಟಿ, ಜ್ವರಕ್ಕೂ ದೃಷ್ಟಿ, ಪರೀಕ್ಷೆಯಲ್ಲಿ ಫೇಲಾದರೆ ಮೇಷ್ಟರ ದೃಷ್ಟಿ. ಮೊಮ್ಮಗಳು ವೀಣ ತಲೆನೋವೆಂದು ದಿನಾ ತಟ್ಟೆ ತಳ್ಳಿ ಸೊರಗಿ ಹೋದಾಗ, ಶಾಲೆಗೆ ಬಂದ ಡಾಕ್ಟರು “ಮಗುವಿಗೆ ದೃಷ್ಟಿದೋಷ ಇದೆ, ತಲೆನೋವು ಅದರಿಂದಲೇ” ಎಂದುಬಿಟ್ಟರು. ಇನ್ನು ಕೇಳಬೇಕೇ? ಅಷ್ಟು ಓದಿದವರೇ ಒಪ್ಪಿಕೊಂಡರೆಂದು ಗೌಡರು ಸೇರುಗಟ್ಟಲೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಸುರಿದರು. ಅವರು ಹೇಳುವಂತೆ ಆ ಘಾಟಿಗೆ ಮದ್ದೂರಿನಲ್ಲಿ ರೈಲೇ ಸೀನಿ ನಿಂತಿತು. ತಲೆನೋವು ಮಾತ್ರ ನಿಲ್ಲಲಿಲ್ಲ. ಕೊನೆಗೆ ಸೊಸೆ ವನಜಾ ಮಗುವನ್ನು ಮಂಡ್ಯಕ್ಕೆ ಕರೆದೊಯ್ದು ಕನ್ನಡಕ ಹಾಕಿಸಿದಳು; ವಾರದೊಳಗೆ ತಲೆನೋವು ನಿಂತಿತು. “ಕೆಲ್ಸ ಮಾಡಿದ್ದು ಮೆಣಸಿನ್ಕಾಯಿ, ಕನ್ನಡ್ಕ ಬರೀ ಸೋಕಿ” ಎಂಬುದು ಗೌಡರ ತೀರ್ಪು. ಆದರೂ ದಿನಾ ಬೆಳಗ್ಗೆ ಆ ಶೋಕಿಯನ್ನು ಪಂಚೆಯ ಅಂಚಿನಲ್ಲಿ ಉಜ್ಜಿ ಉಜ್ಜಿ ಒರೆಸುವವರು ಅವರೇ; ಒರೆಸಿ, ಕನ್ನಡಕಕ್ಕೂ ದೃಷ್ಟಿಯಾಗದಿರಲೆಂದು ಅದರ ಕಡ್ಡಿಗೆ ಕಾಡಿಗೆಯ ಬೊಟ್ಟಿಡುತ್ತಾರೆ. “ಅಲ್ಲಾ ಕಣ್ಲಾ, ಕನ್ನಡ್ಕ ಆಕ್ಕೊಂಡ್ರೆ ಒಟ್ಟೆ ಅಸಿತದಾ?” ಎಂದು ಕುರ್ಚಿಯನ್ನು ಮತ್ತೆ ಕೆಣಕುವಷ್ಟರಲ್ಲಿ ಒಳಗಿನಿಂದ ವೀಣ ಕೂಗಿದಳು: “ತಾತೋ, ಉಣ್ಣಕ್ಕೆ ಬಾ. ನಂದು ಆಗ್ಲೇ ಎಲ್ಡ್ನೇ ಮುದ್ದೆ, ತಡ ಮಾಡುದ್ರೆ ನಿಂದೂ ಉಂಡ್ಬುಡ್ತೀನಿ.” ಗೌಡರು ಕುರ್ಚಿಯ ಉತ್ತರಕ್ಕೆ ಕಾಯದೆ ಎದ್ದರು.