ಪೈಪಣ್ಣನ ಪ್ರೆಶರ್

ಆ ಬೀದಿಯ ಹಳೆಯ ಪ್ಲಂಬರನನ್ನು ಎಲ್ಲರೂ ಪೈಪಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಊರವರ ಬಚ್ಚಲುಗಳಲ್ಲಿ ಮಂಡಿಯೂರಿದ ಮನುಷ್ಯ. ನಲ್ಲಿಯೊಂದನ್ನು ತಿರುಗಿಸಿದರೆ ಸಾಕು, ಗೋಡೆಯೊಳಗಿನ ಪೈಪಿನ ಪೂರ್ವಾಪರವನ್ನೆಲ್ಲ ಹೇಳಿಬಿಡುತ್ತಿದ್ದ. ತನ್ನ ಮೈಯೊಳಗಿನ ಪೈಪುಗಳ ವಿಷಯ ಬಂದಾಗ ಮಾತ್ರ ಆ ಬುದ್ಧಿ ಹುಲ್ಲು ಮೇಯಲು ಹೋಗುತ್ತಿತ್ತು.

ಡಾಕ್ಟರಮ್ಮ ರಕ್ತಪರೀಕ್ಷೆಯ ಕಾಗದ ಹಿಡಿದು ಬಿಡಿಸಿಯೇ ಹೇಳಿದ್ದರು. "ಕೊಲೆಸ್ಟ್ರಾಲ್ ಜಾಸ್ತಿ ಇದೆ. ರಕ್ತನಾಳದ ಒಳಗೆ ಕೂತ್ಕೊಂಡು ದಾರಿ ಚಿಕ್ಕದು ಮಾಡುತ್ತೆ, ನಾಳ ಗಡುಸಾಗುತ್ತೆ. ನಿಮಗೆ ಬಿಪಿನೂ ಏರಿದೆ. ಎರಡಕ್ಕೂ ಮಾತ್ರೆ ತಪ್ಪಿಸಬೇಡಿ."

ಪೈಪಣ್ಣ ನಕ್ಕುಬಿಟ್ಟ. "ಅಲ್ಲಾ ಡಾಕ್ಟ್ರೇ, ಪೈಪ್ ಕಟ್ಕೊಂಡ್ರೆ ಪ್ರೆಶರ್ ಕಮ್ಮಿ ಆಗ್ಬೇಕು. ನಂದು ಜಾಸ್ತಿ ಇದೆ ಅಂದ್ಮೇಲೆ ಲೈನ್ ಕ್ಲೀನಾಗಿದೆ ಅಂತಾನೇ ಅರ್ಥ!"

ಮನೆಗೆ ಬಂದವರಿಗೆಲ್ಲ ತನ್ನ ಬಿಪಿಯನ್ನು ಮಗಳು ಪರೀಕ್ಷೆಯಲ್ಲಿ ತೆಗೆದ ಅಂಕದ ಹಾಗೆ ಹೇಳಿಕೊಂಡು ಮೆರೆಯುತ್ತಿದ್ದ. ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಅವಳಪ್ಪ ಹೀಗೇ ನಗುನಗುತ್ತ ಕೂತಿದ್ದವನು ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಗಂಡನ ನಗು ಕೇಳಿದರೆ ಅವಳಿಗೆ ಹೆದರಿಕೆಯಾಗುತ್ತಿತ್ತು. ವಾದದಲ್ಲಿ ಅವನನ್ನು ಗೆಲ್ಲುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಎರಡು ಮಾತ್ರೆಗಳನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ, ಅವನ ಚೀಲದೊಳಗಿನ ವಾಷರ್ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದಳು. ಅವನು ದಿನಾ ಅದನ್ನು ತೆಗೆದು ಎಸೆಯುತ್ತಿದ್ದ.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟರೊಬ್ಬರ ನಾಲ್ಕಂತಸ್ತಿನ ಮನೆಯಿಂದ ಕರೆ ಬಂತು. ಮೇಲಿನ ಮಹಡಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದರೂ ನೀರು ಬರೀ ತೊಟ್ಟಿಕ್ಕುತ್ತಿತ್ತು. ಕೆಳಗೆ ನಲ್ಲಿಗಳಿಗೆ ನೀರು ತಳ್ಳುವ ಪಂಪು ಮುಟ್ಟಿದರೆ ಸುಡುತ್ತಿತ್ತು, ಪಕ್ಕದ ಪ್ರೆಶರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತ್ತು.

"ಮುಳ್ಳು ಮೇಲೇರಿತ್ತಲ್ಲ, ಪಂಪ್ ಗಟ್ಟಿಮುಟ್ಟಾಗಿದೆ ಅಂದ್ಕೊಂಡೆ," ಎಂದರು ಮೇಷ್ಟರು.

ಪೈಪಣ್ಣನ ಪಿತ್ತ ನೆತ್ತಿಗೇರಿತು. "ಏನ್ ಮೇಷ್ಟ್ರೇ, ಓದಿದೋರು ನೀವು! ಮುಂದೆ ಪೈಪೊಳಗೆ ಸುಣ್ಣ, ತುಕ್ಕು ಕೂತು ಬೆರಳು ತೂರೋಕೂ ದಾರಿ ಇಲ್ಲ. ಪಂಪ್ ಪಾಪ, ತಳ್ಳಿ ತಳ್ಳಿ ಸಾಯ್ತಾ ಇದೆ. ಅದರ ಒದ್ದಾಟಾನೇ ಮುಳ್ಳು ತೋರಿಸ್ತಿರೋದು. ಹೀಗೇ ಬಿಟ್ರೆ ಒಂದಿನ ಹೇಳ್ದೆ ಕೇಳ್ದೆ ನಿಂತ್ಹೋಗುತ್ತೆ!"

"ನನಗೆ ಯಾರೂ ಹೇಳ್ಲಿಲ್ಲಪ್ಪ," ಎಂದರು ಮೇಷ್ಟರು ಸಣ್ಣ ದನಿಯಲ್ಲಿ. "ಹೇಳಿದ್ರೆ ಕೇಳ್ತಿದ್ದೆ."

ಪೈಪಣ್ಣನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಒಳಗಿನ ಪಂಪು ದಡದಡ ಹೊಡೆದುಕೊಳ್ಳುತ್ತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಕಸುಬಿನ ಮಾತೇ ಭಯ ಹುಟ್ಟಿಸಿತು. "ನಲ್ಲಿ ನೋಡ್ಕೊಂಡ್ ಬರ್ತೀನಿ," ಎಂದು ಚೀಲ ಎತ್ತಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಹತ್ತಿದ.

ಬಚ್ಚಲಿನ ಬಾಗಿಲು ಹಾಕಿಕೊಂಡು ವಾಷರ್ ಡಬ್ಬಿ ತೆಗೆದ. ಹೆಂಡತಿ ಆವತ್ತು ಬೆಳಿಗ್ಗೆ ಇಟ್ಟ ಬಟ್ಟೆಯ ಚೂರು ಇನ್ನೂ ಅಲ್ಲೇ ಇತ್ತು. ಎರಡೂ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ನಲ್ಲಿ ತಿರುಗಿಸಿ ಬೊಗಸೆ ಒಡ್ಡಿದ. ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಗುಟುಕು ನೀರು ಕೂಡುವಷ್ಟರಲ್ಲಿ ಮಾತ್ರೆಗಳು ನಾಲಿಗೆಯ ಮೇಲೇ ಕರಗಿ, ಅಷ್ಟು ದಿನ ಎಸೆದದ್ದರ ಕಹಿಯನ್ನೆಲ್ಲ ಬಿಟ್ಟವು.