ಕಟುಕ ಸಾಬರು ಮಾಡಿಸಿದ ಹೆರಿಗೆ

ಕಟುಕ ಹುಸೇನ್ ಸಾಬರು ಹಗ್ಗ ಹಿಡಿದು ಜಗ್ಗುತ್ತಿದ್ದಂತೆ ನಮ್ಮ ಆಡು ಬೇಲಿಯ ಬಳಿ ಕುಸಿದು ಬಿದ್ದು ಅರಚತೊಡಗಿತು. ಗೊಡ್ಡು ಆಡೆಂದು ಅದನ್ನು ಆಗಷ್ಟೇ ಅವರಿಗೆ ಮಾರಿದ್ದೆ. ಮಾರಿಕಣಿವೆ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಚಪ್ಪರದ ನೆರಳಲ್ಲಿ ಬೆಳೆಸಿದ್ದ, ನಮ್ಮಜ್ಜಿ ಕಾಲದ ತಳಿಯ ಬದನೆ ಸಸಿಗಳನ್ನೆಲ್ಲ ಅದು ಮೇಯ್ದು ಮುಗಿಸಿತ್ತು. ಉಬ್ಬಿದ ಹೊಟ್ಟೆಯಲ್ಲಿ ಇರುವುದು ನನ್ನ ತೋಟವೇ ಎಂದುಕೊಂಡಿದ್ದೆ.

ಸಾಬರು ಹೊಟ್ಟೆ ಸವರಿ ನೋಡಿ ಅಂಗಿಯ ತೋಳು ಮಡಚಿದರು. "ತಾಯಿ, ಇದು ಈಯಾಕೆ ಹತ್ತೈತೆ. ಮರಿ ಅಡ್ಡ ಬಿದ್ದೈತೆ. ಬಿಸಿನೀರು, ಹರಳೆಣ್ಣೆ ತರ್ರಿ!"

ಓಡಿ ಹೋಗಿ ತಂದೆ. ನಮ್ಮತ್ತೆ ಕಟುಕನ ನೆರಳು ತಾಕದಷ್ಟು ದೂರದಲ್ಲಿ ನಿಂತು "ಶಿವಶಿವಾ" ಅನ್ನುತ್ತಿದ್ದರು.

"ಶಿವನ್ನ ಆಮ್ಯಾಲೆ ಕರೀರಿ ಅಮ್ಮಾ, ಮೊದ್ಲು ಇದರ ತಲೆ ಹಿಡ್ಕಳ್ರಿ!" ಎಂದು ಸಾಬರು ಗದರಿದರು.

ಅತ್ತೆ ತೆಪ್ಪಗೆ ಬಂದು ಹಿಡಿದರು. ಎಣ್ಣೆ ಹಚ್ಚಿದ ಕೈಯಿಂದ ಸಾಬರು ಹೊರಗೆಳೆದ ಮರಿಗೆ ಉಸಿರಿರಲಿಲ್ಲ. ಸಾಬರು ಅದರ ಮೂಗಿಗೆ ಬಾಯಿಟ್ಟು ಊದಿದರು, ಮತ್ತೆ ಊದಿದರು. ಅದು ಅವರ ಗಡ್ಡದ ಮೇಲೆಯೇ ಸೀನಿತು. ಬಾಣಂತಿಯನ್ನು ಒಯ್ಯುವುದಿಲ್ಲವೆಂದು ಹಗ್ಗವನ್ನು ನನ್ನ ಕೈಗಿಟ್ಟು ಅವರು ಹೊರಟೇಬಿಟ್ಟರು.

ಈಗ ಆ ಆಡಿನ ಹಾಲಿಗೆ ಊರಿನ ಮಡಿವಂತರೂ ಬರುತ್ತಾರೆ. ಅದರ ಮರಿಯನ್ನು ಹೊರಗೆಳೆದ ಕೈ ಯಾರದೆಂದು ಹೇಳಿಯೇ ನಾನು ಹಾಲು ಅಳೆಯುತ್ತೇನೆ. ಬೇಡವೆಂದು ತಂಬಿಗೆ ಹಿಂದಕ್ಕೆಳೆದವರನ್ನು ಇನ್ನೂ ಕಂಡಿಲ್ಲ.